ಮೊದಲು ನೀರಿಗೆ ದಾರಿ



ಮೇಜಿನ ಮೇಲೆ ಹೂಗುಚ್ಛದ ಪಕ್ಕ ಇಟ್ಟಿರುವ ಸಲಕರಣೆಯನ್ನು ನೀವು ಬಂದಾಗಿನಿಂದ ನೋಡುತ್ತಿದ್ದೀರಿ. ಮೊದಲು ಅದರ ವಿಷಯ ಹೇಳಿಬಿಡುತ್ತೇನೆ. ಒಂದು ಬದಿಗೆ ಗುದ್ದಲಿಯಂತೆ ಅಗಲವಾದ ಅಲಗು, ಇನ್ನೊಂದು ಬದಿಗೆ ಹಲುಬೆಯಂತೆ ದಪ್ಪ ಹಲ್ಲುಗಳು. ಇದರ ಹೆಸರು ಮೆಕ್ಲೌಡ್. ಕ್ಯಾಲಿಫೋರ್ನಿಯಾದ ಸಿಯೆರಾ ರಾಷ್ಟ್ರೀಯ ಅರಣ್ಯದಲ್ಲಿ ರೇಂಜರ್ ಆಗಿದ್ದ ಮಾಲ್ಕಮ್ ಮೆಕ್ಲೌಡ್ ಎಂಬವರು 1905ರಲ್ಲಿ ಇದನ್ನು ರೂಪಿಸಿದರು. ಕಾಡಿಗೆ ಬೆಂಕಿ ಬಿದ್ದಾಗ ತರಗೆಲೆ ಗೋರಿ, ಬೇರು ಕತ್ತರಿಸಿ, ಬೆಂಕಿ ದಾಟದಂತೆ ಬರಿಮಣ್ಣಿನ ಗೆರೆ ಎಳೆಯಬೇಕು. ಅದಕ್ಕೆ ಎರಡು ಉಪಕರಣ ಹೊತ್ತು ಗುಡ್ಡ ಹತ್ತುವ ಬದಲು ಒಂದರಲ್ಲೇ ಎರಡೂ ಆಗಲಿ ಎಂದು ಮಾಡಿದ್ದು. ಈಗ ಇದು ಬೆಟ್ಟದ ಕಾಲುದಾರಿಗಳನ್ನು ಕಡಿಯುವವರ, ದುರಸ್ತಿ ಮಾಡುವವರ ಕೈಯಲ್ಲೂ ಇರುತ್ತದೆ. ತಲೆಯನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ತಂದೆ. ಕಾವನ್ನು ಮೊನ್ನೆ ನಮ್ಮೂರಿನ ಆಚಾರಿ ಹಾಕಿಕೊಟ್ಟರು.

ನಾನು ಹುಟ್ಟಿದ್ದು ಇದೇ ಘಟ್ಟದ ಸೀಮೆಯಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ. ವಾರದ ದಿನಗಳಲ್ಲಿ ಚಿಪ್ ವಿನ್ಯಾಸದ ಕೆಲಸ. ಶನಿವಾರ ಸಿಕ್ಕಿದರೆ ಸಾಂತಾ ಕ್ರೂಜ್ ಬೆಟ್ಟಗಳಿಗೆ ಸೈಕಲ್ ಏರಿ ಹೋಗುತ್ತೇನೆ. ತಿಂಗಳಲ್ಲಿ ಒಂದು ಶನಿವಾರ ಸೈಕಲ್ಲನ್ನು ಮನೆಯಲ್ಲಿಟ್ಟು ಈ ಮೆಕ್ಲೌಡ್ ಹಿಡಿದು ಹೋಗುತ್ತೇನೆ. ಈ ಎರಡು ಶನಿವಾರಗಳ ಸಂಬಂಧವೇ ಇವತ್ತಿನ ನನ್ನ ವಿಷಯ. ಬೆಟ್ಟದ ಕಾಲುದಾರಿಯಲ್ಲಿ ಸೈಕಲ್ ಸವಾರರಿಗೆ ಜಾಗ ಬೇಕು ಎಂದು ವಾದಿಸಲು ಬಂದಿದ್ದೇನೆ. ಆದರೆ ಆ ಜಾಗ ಕೇಳುವವರು ಆ ದಾರಿಯನ್ನು ಕೈಯಾರೆ ಕಾಪಾಡುವವರೂ ಆಗಿರಬೇಕು. ಮೊದಲನೆಯದನ್ನು ಎರಡನೆಯದರಿಂದ ಬಿಡಿಸಿ ಕೇಳಿದ ಕಡೆಯಲ್ಲೆಲ್ಲ ಸವಾರರು ಸೋತಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಸೋತದ್ದು ನ್ಯಾಯವೇ.

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಮರಿನ್ ಕೌಂಟಿ. ಅಲ್ಲಿ ಸುಮಾರು 2,570 ಅಡಿ ಎತ್ತರದ ಟ್ಯಾಮಲ್ಪೈಸ್ ಬೆಟ್ಟವಿದೆ. ಮೌಂಟನ್ ಬೈಕ್ ಎಂಬ ವಾಹನ ಹುಟ್ಟಿದ್ದು ಆ ಬೆಟ್ಟದ ಸುತ್ತಮುತ್ತ. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರು 1930ರ, 1940ರ ಕಾಲದ ಹಳೆಯ ಭಾರದ ಸೈಕಲ್ಲುಗಳನ್ನು ಗುಜರಿಯಿಂದ ತಂದು, ದಪ್ಪ ಟಯರು ಹಾಕಿ, ಬೆಟ್ಟದ ಮೇಲಿಂದ ಇಳಿಯಲು ಶುರುಮಾಡಿದರು. ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಒಂದು ಕಡಿದಾದ ರಸ್ತೆ ಎರಡು ಮೈಲಿಯೊಳಗೆ ಸಾವಿರದ ಮುನ್ನೂರು ಅಡಿ ಇಳಿಯುತ್ತದೆ. ಹಿಂದಿನ ಚಕ್ರದ ಗುಂಬದೊಳಗಿನ ಬ್ರೇಕು ಕೆಳಗೆ ತಲಪುವಷ್ಟರಲ್ಲಿ ಕಾದು, ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ನಂತರ ಹೊಸ ಗ್ರೀಸು ತುಂಬಬೇಕು. ಹಾಗಾಗಿ ಆ ದಾರಿಗೆ ‘ರಿಪ್ಯಾಕ್’ ಎಂದೇ ಹೆಸರಾಯಿತು. 1976ರ ಅಕ್ಟೋಬರಿನಲ್ಲಿ ಅಲ್ಲಿ ಮೊದಲ ಸ್ಪರ್ಧೆ ನಡೆಯಿತು. ಮರುವರ್ಷ ಜೋ ಬ್ರೀಜ್ ಇಂಥ ಸವಾರಿಗೆಂದೇ ಹೊಸದಾಗಿ ಸೈಕಲ್ ಚೌಕಟ್ಟು ಕಟ್ಟಿದರು. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿ ಕಟ್ಟಿದ ಚೌಕಟ್ಟುಗಳನ್ನಿಟ್ಟುಕೊಂಡು ಅಂಗಡಿ ತೆರೆದರು. ಇವತ್ತು ಬೆಂಗಳೂರಿನ ಅಂಗಡಿಗಳಲ್ಲಿ ದಪ್ಪ ಟಯರಿನ, ಗೇರಿನ ಸೈಕಲ್ ಕಂಡರೆ ಅದರ ಮೂಲ ಅಲ್ಲಿದೆ.

ಆದರೆ ಹುಟ್ಟಿದ ಬೆಟ್ಟದಲ್ಲೇ ಆ ಸೈಕಲ್ಲಿಗೆ ಬಾಗಿಲು ಮುಚ್ಚಿತು. ಬೆಟ್ಟದ ದೊಡ್ಡ ಭಾಗ 1912ರಲ್ಲಿ ಸ್ಥಾಪನೆಯಾದ ಮರಿನ್ ಜಲಮಂಡಳಿಯ ಕೈಯಲ್ಲಿದೆ. ಊರುಗಳಿಗೆ ಕುಡಿಯುವ ನೀರು ಕೊಡುವ ಜಲಾಶಯಗಳು ಅದರ ಮಡಿಲಲ್ಲಿವೆ. 1980ರ ದಶಕದಲ್ಲಿ ಅಲ್ಲಿನ ಕಿರುಹಾದಿಗಳಲ್ಲಿ ಸೈಕಲ್ ನಿಷಿದ್ಧವಾಯಿತು. ಅಗ್ನಿಶಾಮಕ ವಾಹನ ಓಡಾಡುವ ಅಗಲ ರಸ್ತೆಗಳಲ್ಲಿ ಮಾತ್ರ ಅವಕಾಶ, ಅದೂ ಗಂಟೆಗೆ 15 ಮೈಲಿಯೊಳಗೆ. ರೇಂಜರುಗಳು ರೇಡಾರ್ ಹಿಡಿದು ನಿಂತರು. ಅಂದಿನಿಂದ ಇಂದಿನವರೆಗೆ ಅಲ್ಲಿ ಜಗಳ ಆರಿಲ್ಲ. 2024ರಲ್ಲಿ ಮಂಡಳಿ ಕೆಲವೇ ಮೈಲಿ ಕಿರುಹಾದಿಯನ್ನು ಪ್ರಾಯೋಗಿಕವಾಗಿ ಸೈಕಲ್ಲಿಗೆ ತೆರೆಯಲು ತೀರ್ಮಾನಿಸಿತು. ಪರಿಸರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. ನಲವತ್ತು ವರ್ಷದ ಈ ಮುನಿಸಿಗೆ ಕಾರಣ ಸೈಕಲ್ಲಿನ ಚಕ್ರ ಮಾತ್ರ ಎಂದು ನಾನು ಒಪ್ಪುವುದಿಲ್ಲ. ಶುರುವಿನಲ್ಲೇ ಎರಡು ಬದಿಯವರೂ ಒಬ್ಬರನ್ನೊಬ್ಬರು ಕಾಡಿಗೆ ನುಗ್ಗಿದ ದನವನ್ನು ನೋಡುವಂತೆ ನೋಡಿದರು. ಆ ನೋಟ ಇನ್ನೂ ಹೋಗಿಲ್ಲ.

ವಿರೋಧಿಸುವವರು ಹೇಳುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅವರ ಮೊದಲ ಮಾತು ಮಣ್ಣಿನದು. ಚಕ್ರ ಉರುಳಿದ ಕಡೆ ಗೀರು ಬೀಳುತ್ತದೆ, ಗೀರಿನಲ್ಲಿ ನೀರು ಓಡುತ್ತದೆ, ಮಣ್ಣು ಕೊಚ್ಚಿ ಹಳ್ಳ ಸೇರುತ್ತದೆ. ಟ್ಯಾಮಲ್ಪೈಸ್‌ನಿಂದ ಇಳಿಯುವ ಲಗುನಿಟಾಸ್ ಹಳ್ಳಕ್ಕೆ ಕೊಹೋ ಸಾಲ್ಮನ್ ಮೀನು ಸಮುದ್ರದಿಂದ ಹತ್ತಿ ಬಂದು ಜಲ್ಲಿಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಅಳಿವಿನಂಚಿನಲ್ಲಿರುವ ಮೀನು. ನುಣ್ಣನೆಯ ಕೆಸರು ಬಂದು ಜಲ್ಲಿಯ ಸಂದು ಮುಚ್ಚಿದರೆ ಮೊಟ್ಟೆಗೆ ಉಸಿರಿಲ್ಲ. ಇದನ್ನು ಕೇಳಿಯೂ ‘ನಮ್ಮ ಮೋಜಿಗೆ ಅಡ್ಡಿ’ ಎನ್ನುವ ಸವಾರನ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ.

ಈ ಬಗ್ಗೆ ಪ್ರಯೋಗಗಳು ನಡೆದಿವೆ. ಮೊಂಟಾನಾದ ಬೆಟ್ಟದ ದಾರಿಗಳಲ್ಲಿ ವಿಲ್ಸನ್ ಮತ್ತು ಸೆನೆ ಎಂಬ ಸಂಶೋಧಕರು ಕುದುರೆ, ಕಾಲ್ನಡಿಗೆ, ಮೋಟರ್ ಸೈಕಲ್, ಸೈಕಲ್ ನಾಲ್ಕನ್ನೂ ಹೋಲಿಸಿ 1994ರಲ್ಲಿ ಪ್ರಕಟಿಸಿದರು. ಕೊಚ್ಚಿ ಹೋಗಬಲ್ಲ ಸಡಿಲ ಮಣ್ಣನ್ನು ಹೆಚ್ಚು ಎಬ್ಬಿಸಿದ್ದು ಗೊರಸು ಮತ್ತು ಪಾದ, ಚಕ್ರವಲ್ಲ. ಕೆನಡಾದ ಒಂಟಾರಿಯೊದಲ್ಲಿ ಥರ್ಸ್ಟನ್ ಮತ್ತು ರೀಡರ್ ದಾರಿಯೇ ಇಲ್ಲದ ಕಾಡಿನ ನೆಲದ ಮೇಲೆ 500 ಸಲದವರೆಗೆ ಸೈಕಲ್ ಓಡಿಸಿ, ಪಕ್ಕದಲ್ಲಿ ಅಷ್ಟೇ ಸಲ ನಡೆಸಿ ನೋಡಿದರು. 2001ರಲ್ಲಿ ಹೊರಬಂದ ಅವರ ಫಲಿತಾಂಶದ ಪ್ರಕಾರ ಗಿಡಕ್ಕೂ ಮಣ್ಣಿಗೂ ಆದ ಹಾನಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಸಭೆಗಳಲ್ಲಿ ಸವಾರರು ಈ ಎರಡು ಅಧ್ಯಯನಗಳನ್ನು ಮೇಲಿಂದ ಮೇಲೆ ಎತ್ತುತ್ತಾರೆ. ನಾನೂ ಎತ್ತುತ್ತಿದ್ದೆ. ಈಗ ಬಿಟ್ಟಿದ್ದೇನೆ. ಅಳತೆಯ ಪ್ರಯೋಗದಲ್ಲಿ ಓಡಿಸುವವನು ಜಾಗ್ರತೆಯಿಂದ ಓಡಿಸುತ್ತಾನೆ. ಶನಿವಾರ ಮಧ್ಯಾಹ್ನ ಗೆಳೆಯರ ಮುಂದೆ ಬ್ರೇಕು ಒತ್ತಿ ಹಿಂದಿನ ಚಕ್ರ ಜಾರಿಸುವ ಹುಡುಗ ಅದರಲ್ಲಿ ಇರುವುದಿಲ್ಲ. ಅಲ್ಲದೆ, ನಡೆಯುವವರ ನಿಜವಾದ ಅಂಜಿಕೆ ಮಣ್ಣಿನದ್ದಲ್ಲ.

ಅದು ನನಗೆ ಗೊತ್ತಾದದ್ದು ಹೀಗೆ. ಏಳೆಂಟು ವರ್ಷದ ಹಿಂದೆ, ರೆಡ್‌ವುಡ್ ಮರಗಳ ನಡುವಿನ ಒಂದು ಇಳಿಜಾರು. ಸೈಕಲ್ಲಿಗೆ ಅನುಮತಿಯಿರುವ ದಾರಿಯೇ. ತಿರುವಿನಲ್ಲಿ ಬುಡ ದಪ್ಪವಾದ ಮರವೊಂದು ಮುಂದಿನದನ್ನು ಮರೆಮಾಡಿತ್ತು. ನಾನು ಇರಬೇಕಾದ್ದಕ್ಕಿಂತ ವೇಗದಲ್ಲಿದ್ದೆ. ತಿರುಗಿದರೆ ಎದುರಿಗೆ ಎಪ್ಪತ್ತು ದಾಟಿದ ಗಂಡ ಹೆಂಡತಿ. ಬ್ರೇಕು ಹಿಡಿದೆ, ಚಕ್ರ ಅಡ್ಡ ಜಾರಿ ಅವರಿಂದ ಒಂದು ಮೊಳದ ಅಂತರದಲ್ಲಿ ನಿಂತಿತು. ಯಾರಿಗೂ ತಾಗಲಿಲ್ಲ. ಆದರೆ ಆ ತಾಯಿ ಕೈಯ ಕೋಲು ಬಿಟ್ಟು ಮರದ ಬುಡಕ್ಕೆ ಕೈ ಊರಿ ಕುಳಿತುಬಿಟ್ಟರು. ಅವರ ಕೈ ನಡುಗುತ್ತಿತ್ತು. ಬೈಯಲಿಲ್ಲ. ಮೂವತ್ತು ವರ್ಷದಿಂದ ಈ ಹಾದಿಯಲ್ಲಿ ನಡೆಯುತ್ತಿದ್ದೇನೆ, ಇವತ್ತು ಮೊದಲ ಸಲ ಹೆದರಿಕೆಯಾಯಿತು ಎಂದಷ್ಟೇ ಹೇಳಿದರು. ನಾನು ಕೋಲು ಎತ್ತಿಕೊಟ್ಟೆ, ಕ್ಷಮೆ ಕೇಳಿದೆ. ಮನೆಗೆ ಬಂದ ಮೇಲೂ ಆ ಕೈ ಕಣ್ಣ ಮುಂದಿತ್ತು. ಆ ಮುಂದಿನ ವಾರವೇ ನಾನು ಮೊದಲ ಬಾರಿಗೆ ದಾರಿ ಕೆಲಸಕ್ಕೆ ಹೆಸರು ಕೊಟ್ಟದ್ದು.

ಆ ಶನಿವಾರ ಎಂಟೂವರೆಗೆ ಗೇಟಿನ ಹತ್ತಿರ ಸೇರಿದವರು ಹದಿನೆಂಟು ಜನ. ಅರ್ಧಕ್ಕರ್ಧ ಸೈಕಲ್ಲಿನವರು, ಉಳಿದವರು ನಡೆಯುವವರು, ಇಬ್ಬರು ಕುದುರೆ ಸವಾರರು. ಎಲ್ಲರಿಗೂ ಹೆಲ್ಮೆಟ್ಟು, ಕೈಗವಸು. ಮುಂದಾಳು ಮೊದಲು ಹೇಳಿದ್ದು ಉಪಕರಣವನ್ನು ಹೇಗೆ ಹೊತ್ತು ನಡೆಯಬೇಕೆಂದು: ಹೆಗಲ ಮೇಲೆ ಬೇಡ, ಇಳಿಜಾರಿನ ಬದಿಯ ಕೈಯಲ್ಲಿ, ಅಲಗು ಕೆಳಗೆ, ಮುಂದಿನವರಿಗೂ ನಿಮಗೂ ಎರಡು ಮಾರು ಅಂತರ. ನಂತರ ಪಾಯ್ಸನ್ ಓಕ್ ಎಂಬ ಪೊದೆಯನ್ನು ತೋರಿಸಿದರು. ಸೊಪ್ಪು ಸೋಕಿದರೆ ಮೈಯೆಲ್ಲ ಬೊಬ್ಬೆ. ನಮ್ಮ ಹೊಳಗೇರಿನ ಬಂಧು ಅದು, ಎರಡೂ ಗೇರಿನ ಕುಟುಂಬದವೇ. ಎಷ್ಟೋ ವರ್ಷದ ಮೇಲೆ ಬಾಲ್ಯದ ಆ ಎಚ್ಚರಿಕೆ ಮತ್ತೆ ಕಿವಿಗೆ ಬಿತ್ತು.

ಅವತ್ತಿನ ಕೆಲಸ ತೀರ ಸರಳ. ಬೆಟ್ಟದ ಪಕ್ಕೆಯಲ್ಲಿ ಧರೆ ಕಡಿದು ಮಾಡಿದ ದಾರಿ. ಮಾಡಿದಾಗ ಅದರ ಮೈ ಹೊರಬದಿಗೆ ಸ್ವಲ್ಪವೇ ವಾಲಿರುತ್ತದೆ, ನೂರಕ್ಕೆ ಐದರಷ್ಟು. ಮೇಲಿಂದ ಬಂದ ನೀರು ಹಾಳೆಯಂತೆ ಹರಡಿ ದಾರಿಯನ್ನು ಅಡ್ಡ ದಾಟಿ ಕೆಳಗಿಳಿಯಬೇಕು, ದಾರಿಯುದ್ದಕ್ಕೂ ಓಡಬಾರದು. ಆದರೆ ಜನ ನಡೆದು, ಚಕ್ರ ಉರುಳಿ, ನಡು ತಗ್ಗಾಗುತ್ತದೆ. ಹೊರ ಅಂಚಿನಲ್ಲಿ ಮಣ್ಣು ತರಗು ಸೇರಿ ಸಣ್ಣ ಒಡ್ಡು ಕಟ್ಟಿಕೊಳ್ಳುತ್ತದೆ. ನಾಲ್ಕು ಬೆರಳೆತ್ತರದ ಒಡ್ಡು ಸಾಕು. ಅಷ್ಟಾದರೆ ದಾರಿಯೇ ಕಾಲುವೆ. ಒಂದು ಮಳೆಗಾಲದಲ್ಲಿ ಮೊಣಕಾಲುದ್ದ ಕೊರಕಲು. ಕೊರಕಲಿನಲ್ಲಿ ನಡೆಯಲಾಗದೆ ಜನ ಪಕ್ಕಕ್ಕೆ ಹೊಸ ದಾರಿ ತುಳಿಯುತ್ತಾರೆ, ಅದೂ ಕೊರಕಲು. ಹೀಗೆ ಎರಡಡಿಯ ಹಾದಿ ಹತ್ತಡಿಯ ಗಾಯವಾಗುತ್ತದೆ.

ನಾವು ಅವತ್ತು ಮಾಡಿದ್ದು ಆ ಒಡ್ಡನ್ನು ತೆಗೆಯುವ ಕೆಲಸ. ಹಲ್ಲಿನ ಬದಿಯಿಂದ ತರಗು ಎಳೆಯುವುದು, ಅಲಗಿನಿಂದ ಒಡ್ಡು ಕೆತ್ತುವುದು, ಆ ಮಣ್ಣನ್ನು ದಾರಿಯ ತಗ್ಗಿಗೆ ತುಂಬುವುದು, ಕೊನೆಗೆ ಮೆಕ್ಲೌಡನ್ನು ನೆಟ್ಟಗೆ ನಿಲ್ಲಿಸಿ ತಳದಿಂದ ತಟ್ಟಿ ಗಟ್ಟಿ ಮಾಡುವುದು. ಎಲೆಗೊಬ್ಬರದ ಕಪ್ಪು ಮಣ್ಣನ್ನು ದಾರಿಗೆ ತುಂಬಕೂಡದು. ಅದು ನೀರು ಹೀರಿ ಕೆಸರಾಗುತ್ತದೆ. ಅಡಿಯ ಗಟ್ಟಿ ಮಣ್ಣೇ ಬೇಕು. ನನ್ನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವರು ನಿವೃತ್ತ ಶಿಕ್ಷಕಿ, ಸೈಕಲ್ ಕಂಡರಾಗದವರು, ಹಾಗೆಂದು ನನಗೆ ನೇರವಾಗಿಯೇ ಹೇಳಿದರು. ನಾನು ಮುಗಿಸಿದ ಜಾಗಕ್ಕೆ ಬಂದು ತಮ್ಮ ಬಾಟಲಿಯ ನೀರನ್ನು ದಾರಿಯ ಒಳ ಅಂಚಿನಲ್ಲಿ ನಿಧಾನವಾಗಿ ಸುರಿದರು. ನೀರು ಒಂದು ಅಡಿ ಅಡ್ಡ ಬಂದು, ನಡುವಿನಲ್ಲಿ ತಿರುಗಿ, ಇಳಿಜಾರಿನುದ್ದಕ್ಕೆ ಓಡಿತು. ‘ಇನ್ನೊಂದು ಸಲ’ ಎಂದರು. ಮತ್ತೆ ಕೆತ್ತಿದೆ, ಮತ್ತೆ ತಟ್ಟಿದೆ. ಮೂರನೆಯ ಸಲ ನೀರು ನೇರವಾಗಿ ದಾಟಿ ಜರೀಗಿಡಗಳ ಮೇಲೆ ಬಿತ್ತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವರು ತಮ್ಮ ಕಿತ್ತಳೆಯಲ್ಲಿ ಅರ್ಧ ನನಗೆ ಕೊಟ್ಟರು. ಸೈಕಲ್ಲಿನ ಬಗೆಗಿನ ಅವರ ಅಭಿಪ್ರಾಯ ಅವತ್ತು ಬದಲಾಗಲಿಲ್ಲ. ನನ್ನ ಬಗೆಗಿನದ್ದು ಬದಲಾಯಿತು ಎಂದು ನಂಬಿದ್ದೇನೆ.

ಹೊಸ ದಾರಿ ಹಾಕುವಾಗಲೂ ಇದೇ ಲೆಕ್ಕ. ಕ್ಲಿನೋಮೀಟರ್ ಹಿಡಿದು ಇಳಿಜಾರು ಅಳೆದು, ಸಣ್ಣ ಬಾವುಟ ನೆಡುತ್ತಾ ಹೋಗುತ್ತಾರೆ. ದಾರಿಯ ಸರಾಸರಿ ಏರು ನೂರಕ್ಕೆ ಹತ್ತನ್ನು ಮೀರಬಾರದು. ಬೆಟ್ಟದ ಪಕ್ಕೆ ಎಷ್ಟು ಕಡಿದಾಗಿದೆಯೋ ಅದರ ಅರ್ಧಕ್ಕಿಂತ ದಾರಿ ಕಡಿದಾಗಬಾರದು, ಹಾಗಾದರೆ ನೀರು ದಾರಿಯನ್ನೇ ಹಿಡಿದು ಇಳಿಯುತ್ತದೆ. ಇಳಿಯುವ ದಾರಿ ನಡುನಡುವೆ ನಾಲ್ಕಾರು ಹೆಜ್ಜೆ ಮೇಲಕ್ಕೇರಿ ಮತ್ತೆ ಇಳಿಯಬೇಕು. ಆ ಏರಿಳಿತದ ತಗ್ಗಿನಲ್ಲಿ ನೀರು ಹೊರಬೀಳುತ್ತದೆ. ಸವಾರನಿಗೆ ಅಲ್ಲಿ ಅಲೆಯ ಮೇಲೆ ಹೋದ ಸುಖ, ವೇಗವೂ ತಾನಾಗಿ ತಗ್ಗುತ್ತದೆ. ನೀರಿಗೆ ಒಳ್ಳೆಯದಾದ ದಾರಿ ಕಾಲಿಗೂ ಚಕ್ರಕ್ಕೂ ಒಳ್ಳೆಯದಾಗುತ್ತದೆ. ಬಸಿಗಾಲುವೆ ತಪ್ಪಿದ ಅಡಿಕೆ ತೋಟ ಏನಾಗುತ್ತದೆಂದು ಬಲ್ಲ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ತಿರುವಿನಲ್ಲಿ ಕಣ್ಣಳತೆ ಇರಿಸುವುದೂ ದಾರಿ ಹಾಕುವವರ ಕೆಲಸ. ನಾನು ಆ ತಾಯಿಯನ್ನು ಹೆದರಿಸಿದ್ದು ನನ್ನ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುರುಡು ತಿರುವಿಗೆ ಮೊದಲು ಒಂದು ಏರು ಇದ್ದಿದ್ದರೆ ನನ್ನಂಥ ಹತ್ತು ಜನ ಅಲ್ಲಿಗೆ ನಿಧಾನವಾಗಿ ಬರುತ್ತಿದ್ದರು.

ಈ ಕೆಲಸಕ್ಕೂ ಪ್ರವೇಶದ ಹಕ್ಕಿಗೂ ಗಂಟು ಬಿದ್ದದ್ದು ಹೇಗೆ ಎಂಬುದಕ್ಕೆ ಸಾಂತಾ ಕ್ರೂಜ್ ಬೆಟ್ಟಗಳೇ ಸಾಕ್ಷಿ. 1997ರಲ್ಲಿ ಅಲ್ಲಿ ‘ಮೌಂಟನ್ ಬೈಕರ್ಸ್ ಆಫ್ ಸಾಂತಾ ಕ್ರೂಜ್’ ಎಂಬ ಸಂಘ ಶುರುವಾಯಿತು. ಹೆಸರೇ ಹೇಳುವಂತೆ ಸವಾರರ ಸಂಘ. ವರ್ಷ ವರ್ಷ ದಾರಿ ಕೆಲಸ ಮಾಡುತ್ತಾ ಮಾಡುತ್ತಾ ಅದು ಬೆಳೆದು, ತನ್ನ ಹೆಸರನ್ನೇ ‘ಸಾಂತಾ ಕ್ರೂಜ್ ಮೌಂಟನ್ಸ್ ಟ್ರೇಲ್ ಸ್ಟೀವರ್ಡ್‌ಶಿಪ್’ ಎಂದು ಬದಲಿಸಿಕೊಂಡಿತು. ಸವಾರರು ಎಂಬ ಪದ ಹೋಗಿ, ದಾರಿಯ ಪಾಲಕರು ಎಂಬ ಅರ್ಥ ಬಂತು. ಸೊಕೆಲ್ ಅರಣ್ಯದಲ್ಲಿ ಅವರು ಸರ್ಕಾರದ ಒಪ್ಪಿಗೆ ಪಡೆದು, ಸ್ವಯಂಸೇವಕರ ದುಡಿಮೆಯಿಂದ ಮೈಲಿಗಟ್ಟಲೆ ದಾರಿ ಕಟ್ಟಿದರು. 2020ರ ಆಗಸ್ಟಿನಲ್ಲಿ ಆ ಬೆಟ್ಟಗಳಿಗೆ ಭೀಕರ ಬೆಂಕಿ ಬಿತ್ತು, 86,000 ಎಕರೆಗೂ ಹೆಚ್ಚು ಸುಟ್ಟಿತು. ಅದರಲ್ಲಿ ಸ್ಯಾನ್ ವಿಸೆಂಟೆ ರೆಡ್‌ವುಡ್ಸ್ ಎಂಬ, ಭೂಸಂರಕ್ಷಣಾ ಸಂಸ್ಥೆಗಳು ಕೊಂಡು ಕಾಪಾಡುತ್ತಿರುವ, 8,000 ಎಕರೆ ಮೀರಿದ ಕಾಡೂ ಇತ್ತು. ಸಾರ್ವಜನಿಕರಿಗೆ ಎಂದೂ ತೆರೆಯದಿದ್ದ ಆ ಜಾಗದಲ್ಲಿ ದಾರಿ ಕಟ್ಟುವ ಹೊಣೆಯನ್ನು ಈ ಸಂಘಕ್ಕೆ ವಹಿಸಿದರು. 2022ರ ಡಿಸೆಂಬರಿನಲ್ಲಿ ಮೊದಲ ಹಂತ ತೆರೆಯಿತು, ನಡೆಯುವವರಿಗೆ, ಕುದುರೆಗೆ, ಸೈಕಲ್ಲಿಗೆ. ತೆರೆದ ಕೆಲವೇ ವಾರಕ್ಕೆ ಒಂದರ ಹಿಂದೊಂದು ಬಿರುಮಳೆ ಬಂದು ಜಿಲ್ಲೆಯ ಹಲವು ರಸ್ತೆಗಳು ಕುಸಿದವು. ಆ ಜನವರಿಯಲ್ಲಿ ಗರಗಸ, ಮೆಕ್ಲೌಡ್ ಹೊತ್ತು ಮಳೆಯಂಗಿ ಹಾಕಿಕೊಂಡು ಬಿದ್ದ ಮರ ಕೊಯ್ಯಲು ಹೊರಟವರಲ್ಲಿ ಸವಾರರೇ ಹೆಚ್ಚು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಸಂಘಟನೆಯ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 1988ರಲ್ಲಿ ಕ್ಯಾಲಿಫೋರ್ನಿಯಾದ ಐದು ಸೈಕಲ್ ಸಂಘಗಳು ಸೇರಿ ‘ಇಂಬಾ’ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಒಂದರ ಹಿಂದೊಂದು ಬೀಳುತ್ತಿದ್ದ ನಿಷೇಧಗಳಿಗೆ ಉತ್ತರವಾಗಿ ಹುಟ್ಟಿದ ಸಂಸ್ಥೆ ಅದು. ಬರೀ ಪ್ರತಿಭಟಿಸದೆ, ಸವಾರರಿಗೆ ನಿಯಮ ಬರೆದುಕೊಟ್ಟಿತು: ತೆರೆದ ದಾರಿಯಲ್ಲಿ ಮಾತ್ರ ಹೋಗಿ, ಗುರುತು ಉಳಿಸಬೇಡಿ, ಹಿಡಿತದಲ್ಲಿರಿ, ಇತರರಿಗೆ ದಾರಿ ಬಿಡಿ, ಪ್ರಾಣಿಗಳನ್ನು ಬೆದರಿಸಬೇಡಿ, ಸಿದ್ಧತೆಯಿಲ್ಲದೆ ಹೊರಡಬೇಡಿ. 1953ರ ಬ್ರೌನ್ ಕಾಯ್ದೆಯ ದೆಸೆಯಿಂದ ಕ್ಯಾಲಿಫೋರ್ನಿಯಾದ ಯಾವ ಸ್ಥಳೀಯ ಮಂಡಳಿಯ ಸಭೆಗೂ ಜನ ಹೋಗಿ ಮಾತಾಡಬಹುದು. ಸಾಮಾನ್ಯವಾಗಿ ಮೂರು ನಿಮಿಷ. ನಾನು ಇಂಥ ಎಷ್ಟೋ ಸಭೆಗಳಲ್ಲಿ ಸರದಿಯಲ್ಲಿ ನಿಂತಿದ್ದೇನೆ. ‘ನಮಗೂ ತೆರಿಗೆ ಕಟ್ಟಿ ಗೊತ್ತು’ ಎಂದು ಶುರುಮಾಡಿದವರ ಮಾತನ್ನು ಸದಸ್ಯರು ಗಡಿಯಾರ ನೋಡುತ್ತಾ ಕೇಳುತ್ತಾರೆ. ‘ಆ ದಾರಿಯ ಮೂರನೆಯ ತಿರುವಿನ ಮೋರಿ ಕಟ್ಟಿಕೊಂಡಿದೆ, ಕಳೆದ ತಿಂಗಳು ನಾವು ಹನ್ನೊಂದು ಜನ ಹೋಗಿ ಬಿಡಿಸಿದೆವು, ಮತ್ತೆ ಕಟ್ಟಿಕೊಳ್ಳುತ್ತದೆ, ದಾರಿಯನ್ನೇ ಸ್ವಲ್ಪ ಮೇಲೆ ಸರಿಸಬೇಕು’ ಎಂದಾಗ ಪೆನ್ನು ತೆಗೆಯುತ್ತಾರೆ.

ದಾರಿ ಖಾಸಗಿ ಜಮೀನಿನಲ್ಲಿದ್ದರೆ ಮಾತು ಇನ್ನೂ ನಾಜೂಕು. ಪೂರ್ವ ಕರಾವಳಿಯ ಕಡೆ ವರ್ಮಾಂಟ್ ರಾಜ್ಯದ ಬರ್ಕ್ ಎಂಬ ಸಣ್ಣ ಊರಿನಲ್ಲಿ 1994ರಲ್ಲಿ ‘ಕಿಂಗ್‌ಡಮ್ ಟ್ರೇಲ್ಸ್’ ಶುರುವಾಯಿತು. ಹತ್ತಾರು ರೈತರು, ಜಮೀನುದಾರರು ತಮ್ಮ ಹೊಲ ಕಾಡುಗಳ ನಡುವೆ ಹಾದುಹೋಗಲು ಸವಾರರಿಗೆ ಒಪ್ಪಿಗೆ ಕೊಟ್ಟರು. ನೂರು ಮೈಲಿ ದಾರಿಯಾಯಿತು, ವರ್ಷಕ್ಕೆ ಲಕ್ಷ ದಾಟಿದ ಸವಾರರು, ಊರಿಗೆ ಹೊಸ ಬದುಕು. 2019ರ ಡಿಸೆಂಬರಿನಲ್ಲಿ ಮೂವರು ಜಮೀನುದಾರರು, ಇನ್ನು ನಮ್ಮ ನೆಲದಲ್ಲಿ ಸೈಕಲ್ ಬೇಡ ಎಂದರು. ಜಾಲದ ಹೃದಯದಂತಿದ್ದ ದಾರಿಗಳೇ ಹೋದವು. ಕಾನೂನಿನಲ್ಲಿ ಯಾರೂ ಅವರನ್ನು ಕೇಳುವಂತಿರಲಿಲ್ಲ. ಅಲ್ಲಿ ಇದ್ದದ್ದು ಹಕ್ಕಲ್ಲ, ಆತಿಥ್ಯ. ಅತಿಥಿ ಹೆಚ್ಚಾಗಿ, ಮರ್ಯಾದೆ ಕಡಿಮೆಯಾದರೆ ಯಾವ ಮನೆಯ ಬಾಗಿಲೂ ಮುಚ್ಚುತ್ತದೆ.

ಸಣ್ಣ ವಸ್ತುವೊಂದು ಈ ಮರ್ಯಾದೆಯನ್ನು ಉಳಿಸಿದ್ದನ್ನೂ ಕಂಡಿದ್ದೇನೆ. ಸಾಂತಾ ಬಾರ್ಬರಾದ ಬೆಟ್ಟಗಳಲ್ಲಿ ದಾರಿ ಶುರುವಾಗುವಲ್ಲಿ ಒಂದು ಪೆಟ್ಟಿಗೆ. ಒಳಗೆ ಪಟ್ಟಿ ಕಟ್ಟಿದ ಗಂಟೆಗಳು, ನಮ್ಮ ದನದ ಕೊರಳಿನ ಗಂಟೆಯಂಥವೇ. ಸವಾರ ಒಂದನ್ನು ತೆಗೆದು ಹ್ಯಾಂಡಲಿಗೆ ಕಟ್ಟಿಕೊಳ್ಳುತ್ತಾನೆ, ಇಳಿದು ಬಂದ ಮೇಲೆ ಪೆಟ್ಟಿಗೆಗೆ ಹಾಕುತ್ತಾನೆ. ಸ್ವಯಂಸೇವಕರು ಇಟ್ಟದ್ದು, ಕಾಸಿಲ್ಲ. ತಿರುವಿನಾಚೆ ಗಂಟೆ ಕೇಳಿದರೆ ನಡೆಯುವವರು ಬದಿಗೆ ನಿಂತು ಮುಗುಳ್ನಗುತ್ತಾರೆ. ರೆಡ್‌ವುಡ್ ಕಾಡಿನಲ್ಲಿ ಆ ತಾಯಿಯನ್ನು ಹೆದರಿಸಿದ ನಂತರ ನಾನು ಗಂಟೆಯಿಲ್ಲದೆ ಬೆಟ್ಟ ಇಳಿದಿಲ್ಲ.

ಎಲ್ಲಿ ಕೇಳಬಾರದು ಎಂಬುದನ್ನೂ ಹೇಳಬೇಕು. ಅಮೆರಿಕದ 1964ರ ವನ್ಯಪ್ರದೇಶ ಕಾಯ್ದೆ ತನ್ನ ವ್ಯಾಪ್ತಿಯ ಕಾಡುಗಳಲ್ಲಿ ಮೋಟರು ಮಾತ್ರವಲ್ಲ, ಯಾಂತ್ರಿಕ ಸಾಗಣೆಯನ್ನೂ ನಿಷೇಧಿಸುತ್ತದೆ. 1984ರಲ್ಲಿ ಅಲ್ಲಿನ ಅರಣ್ಯ ಸೇವೆ ಸೈಕಲ್ಲೂ ಅದರಲ್ಲಿ ಸೇರಿದೆ ಎಂದು ಸ್ಪಷ್ಟಪಡಿಸಿತು. ಅದನ್ನು ಸಡಿಲಿಸಬೇಕೆಂದು 2017ರಲ್ಲಿ ಮಸೂದೆ ಬಂದಾಗ ಇಂಬಾ ಬೆಂಬಲಿಸಲಿಲ್ಲ. ಎಷ್ಟೋ ಸವಾರರು ಸಿಟ್ಟಾದರು. ನಾನು ಇಂಬಾದ ಜೊತೆ. ಮನುಷ್ಯ ವೇಗವಾಗಿ ಹೋಗಲಾಗದ ಕೆಲವು ಜಾಗಗಳು ಉಳಿಯಲಿ. ಕರಡಿಗೆ, ಪೂಮಾಗೆ, ಅಲ್ಲಿ ನಾನು ಹೋಗದಿರುವುದರಿಂದ ಆಗುವ ಉಪಕಾರ ದೊಡ್ಡದು.

ಈಗ ಈ ಬದಿಗೆ ಬರುತ್ತೇನೆ. ಬೆಂಗಳೂರಿನ ದಕ್ಷಿಣಕ್ಕಿರುವ ತುರಹಳ್ಳಿ ಕಾಡಿನ ಬಂಡೆ ಮಣ್ಣಿನ ಹಾದಿಗಳಲ್ಲಿ ನಗರದ ಸವಾರರು ಬಹಳ ವರ್ಷಗಳಿಂದ ಸೈಕಲ್ ಕಲಿತಿದ್ದಾರೆ. 2021ರ ಆರಂಭದಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಪ್ರಸ್ತಾವ ಬಂದಾಗ ನಡೆಯುವವರು, ಓಡುವವರು, ಹಕ್ಕಿ ನೋಡುವವರು, ಸೈಕಲ್ಲಿನವರು ಒಟ್ಟಾಗಿ ಕಾಡು ಕಾಡಾಗಿಯೇ ಇರಲಿ ಎಂದು ನಿಂತರು. ಆ ಒಗ್ಗಟ್ಟು ಮರಿನ್‌ನಲ್ಲಿ ನಲವತ್ತು ವರ್ಷದಿಂದ ಸಿಗದೇ ಹೋದದ್ದು. ಇನ್ನೊಂದು ಕಡೆ, 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ಬೆನ್ನಿನ ಮೇಲೆ ಜಾತ್ರೆಯಂತೆ ಜನ ಸಾಲುಗಟ್ಟಿದ ಚಿತ್ರಗಳನ್ನು ಎಲ್ಲರೂ ನೋಡಿದ್ದೀರಿ. ಅರಣ್ಯ ಇಲಾಖೆ ಚಾರಣ ನಿಲ್ಲಿಸಿತು, ಆಮೇಲೆ ಆನ್‌ಲೈನ್ ನೋಂದಣಿಯ ಮೂಲಕ ಎಣಿಸಿ ಬಿಡುವ ವ್ಯವಸ್ಥೆ ಬಂತು. ಎಣಿಕೆ ಬೇಕು, ಸರಿ. ಆದರೆ ಟಿಕೆಟ್ಟು ತೆಗೆದವನಿಗೆ ದಾರಿ ಮಾರಾಟದ ಸರಕಾಗಿ ಕಾಣುತ್ತದೆ. ಒಂದು ದಿನ ಗುದ್ದಲಿ ಹಿಡಿದವನಿಗೆ ಹಾಗೆ ಕಾಣುವುದಿಲ್ಲ.

ನಮ್ಮ ಸೀಮೆಗೆ ಇದು ಹೊರಗಿನಿಂದ ತರಬೇಕಾದ ವಿದ್ಯೆಯಲ್ಲ. ನಾನು ಹುಡುಗನಾಗಿದ್ದಾಗ ಮಳೆ ಹಿಂದೆಗೆದ ಮೇಲೆ ಊರಿನ ಮನೆಗೊಬ್ಬರಂತೆ ಕತ್ತಿ, ಹಾರೆ, ಗುದ್ದಲಿ ಹಿಡಿದು ಹೊರಟು, ಶಾಲೆಗೆ ಹೋಗುವ ಒಳದಾರಿ ಸವರಿ, ಕೊಚ್ಚಿದಲ್ಲಿ ಕಲ್ಲು ಕೂರಿಸಿ, ಹಳ್ಳದ ಕಾಲುಸಂಕ ಹೊಸದು ಮಾಡುತ್ತಿದ್ದರು. ಮುಯ್ಯಾಳಿನ ಲೆಕ್ಕ. ಯಾರೂ ಅದನ್ನು ಸೇವೆ ಎನ್ನುತ್ತಿರಲಿಲ್ಲ. ಡಾಂಬರು ರಸ್ತೆ, ಸ್ಕೂಟರು ಬಂದವು, ಒಳದಾರಿಗೆ ಲಂಟಾನ ಹಬ್ಬಿತು. ಸೊಪ್ಪಿನಬೆಟ್ಟದ ಮಾತೂ ಹಾಗೆಯೇ. ತೋಟದವರಿಗೆ ಬೆಟ್ಟದ ಸೊಪ್ಪು ತರಗು ತರುವ ಸವಲತ್ತು ಇದೆ, ಜೊತೆಗೆ ಆ ಬೆಟ್ಟವನ್ನು ಕಾಯುವ ಹೊಣೆ ಇದೆ. ಹೊಣೆ ನೆನಪಿಟ್ಟವರ ಬೆಟ್ಟ ಇಂದಿಗೂ ದಟ್ಟವಾಗಿದೆ. ಸವಲತ್ತು ಮಾತ್ರ ನೆನಪಿಟ್ಟವರದ್ದು ಬೋಳಾಗಿದೆ. ಎರಡೂ ನಿಮ್ಮ ಕಣ್ಣ ಮುಂದಿವೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಅಭಯಾರಣ್ಯದೊಳಗೆ ಬೇಡ, ದೇವರಕಾಡಿನಲ್ಲಿ ಬೇಡ. ಊರಿನ ಅಂಚಿನ, ಲಂಟಾನ ನುಂಗಿರುವ ಒಂದೇ ಒಂದು ಹಳೆಯ ಕಾಲುದಾರಿ ಸಾಕು, ಎರಡು ಮೂರು ಮೈಲಿ. 1993ರಿಂದ ನಮ್ಮಲ್ಲಿ ಗ್ರಾಮ ಅರಣ್ಯ ಸಮಿತಿಗಳಿವೆ. ಆ ಸಮಿತಿ, ಇಲಾಖೆ ಮತ್ತು ಈ ಕಾಲೇಜು ಕುಳಿತು ಎರಡು ವರ್ಷಕ್ಕೆ ಒಂದು ಒಪ್ಪಂದ ಬರೆಯಲಿ. ದಾರಿ ಸವರುವುದು, ನೀರು ಬಿಡಿಸುವುದು, ಕಸ ಹೊರುವುದು ವಿದ್ಯಾರ್ಥಿಗಳ ಮತ್ತು ಸವಾರರ ಕೆಲಸ. ದನ ಕಾಯುವವರು, ಸೊಪ್ಪು ತರುವವರು ಎದುರಾದರೆ ಸೈಕಲ್ ಇಳಿದು ನಿಲ್ಲಬೇಕು. ಜೂನಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಚಕ್ರಕ್ಕೆ ಪೂರ್ತಿ ರಜೆ. ಕ್ಯಾಲಿಫೋರ್ನಿಯಾದ ನೂರಕ್ಕೆ ಹತ್ತರ ಲೆಕ್ಕ ಇಲ್ಲಿ ಹಾಗೇ ನಡೆಯುವುದಿಲ್ಲ. ಅಲ್ಲಿ ಒಂದು ವರ್ಷ ಬೀಳುವ ಮಳೆ ನಮ್ಮ ಘಟ್ಟದಲ್ಲಿ ಕೆಲವೇ ವಾರಗಳಲ್ಲಿ ಬೀಳುತ್ತದೆ, ನೆಲವೂ ಕೆಂಪು ಜಂಬಿಟ್ಟಿಗೆಯದು. ಇಳಿಜಾರು ಎಷ್ಟಿರಬೇಕೆಂದು ತೋಟಕ್ಕೆ ಕಾಲುವೆ ತೆಗೆಯುವ ನಿಮ್ಮ ಹಿರಿಯರನ್ನು ಕೇಳಬೇಕು. ಮೊದಲ ವರ್ಷ ಸೈಕಲ್ಲೇ ಬೇಡ, ಕೆಲಸ ಮಾತ್ರ ಎಂದು ಸಮಿತಿಯವರು ಹೇಳಿದರೆ ನಾನು ಸಂತೋಷದಿಂದ ಒಪ್ಪುತ್ತೇನೆ. ಎರಡು ಮಳೆಗಾಲ ದಾಟಿದ ಮೇಲೆ ದಾರಿಯ ಮೈ ನೋಡಿ, ಮುಂದುವರಿಸುವುದೋ ಬಿಡುವುದೋ ಊರೇ ತೀರ್ಮಾನಿಸಲಿ.

ನಾನು ಬರುವ ಬುಧವಾರ ಹಿಂದಿರುಗುತ್ತೇನೆ. ಈ ಮೆಕ್ಲೌಡ್ ಇಲ್ಲೇ ಇರಲಿ, ಪ್ರಾಂಶುಪಾಲರು ಎನ್‌ಎಸ್‌ಎಸ್ ಕೋಣೆಯಲ್ಲಿ ಇಡಲು ಒಪ್ಪಿದ್ದಾರೆ. ನಮ್ಮೂರಿನ ಕಮ್ಮಾರರಿಗೂ ತೋರಿಸಿದ್ದೇನೆ, ಇಂಥದ್ದೇ ಹತ್ತು ಮಾಡಿಕೊಡಬಲ್ಲೆ, ಹಲ್ಲು ಮಾತ್ರ ಸ್ವಲ್ಪ ಗಿಡ್ಡ ಮಾಡಿದರೆ ಜಂಬಿಟ್ಟಿಗೆ ನೆಲಕ್ಕೆ ವಾಸಿ ಎಂದರು. ಬೆಳಿಗ್ಗೆ ಎತ್ತಿ ನೋಡಿದೆ, ಕಾವು ಸ್ವಲ್ಪ ಸಡಿಲವಾದಂತಿದೆ. ಹೊಸ ಮರ, ಆರುತ್ತಿರಬೇಕು. ಬಳಸುವ ಹಿಂದಿನ ರಾತ್ರಿ ತಲೆಯ ಕಡೆಯನ್ನು ಬಕೆಟ್ ನೀರಿನಲ್ಲಿ ನೆನೆಹಾಕಿಡಿ, ಬೆಳಗಾಗುವಷ್ಟರಲ್ಲಿ ಬಿಗಿಯಾಗುತ್ತದೆ.